ಕೆಂಪು ಬ್ಯಾಡ್ಜು, ಹಸಿರು ಬ್ಯಾಡ್ಜು: ತುಮಕೂರಿನ ಎರಡು ದಿನದ ಕಾರ್ಯಾಗಾರ ಹೇಗಿತ್ತು?

ಕಳೆದ ತಿಂಗಳ ಒಂದು ಶನಿವಾರ ಮತ್ತು ಭಾನುವಾರ ತುಮಕೂರಿನ ಹೋಟೆಲೊಂದರ ಸಭಾಂಗಣದಲ್ಲಿ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ಕಾರ್ಯಾಗಾರಕ್ಕೆ ಮಧುಗಿರಿ ತಾಲ್ಲೂಕಿನ ನಮ್ಮ ಶಾಲೆಯಿಂದ ಆರು ಮಂದಿ ಹೋಗಿದ್ದೆವು. ವಿಷಯ ಲೋಕಸ್ ಆಫ್ ಕಂಟ್ರೋಲ್, ಅಂದರೆ ಬದುಕಿನಲ್ಲಿ ನಮಗೆ ಸಿಗುವುದು ನಮ್ಮ ಕೈಯಲ್ಲಿದೆಯೋ ಹೊರಗಿನವರ, ಅದೃಷ್ಟದ ಕೈಯಲ್ಲಿದೆಯೋ ಎಂಬ ಬಗ್ಗೆ ನಮಗಿರುವ ನಂಬಿಕೆ. ಶುಲ್ಕ ತಲಾ 3,500 ರೂಪಾಯಿ, ಜಿಎಸ್‌ಟಿ ಸೇರಿ 4,130. ಅರ್ಧವನ್ನು ಆಡಳಿತ ಮಂಡಳಿ ಕೊಟ್ಟಿತು, ಉಳಿದರ್ಧ ನಮ್ಮ ಸಂಬಳದಿಂದ ಹೋಯಿತು. ನಡೆಸಿದ ಸಂಸ್ಥೆಯ ಹೆಸರು ಬರೆಯುವುದಿಲ್ಲ. ತಪ್ಪು ತಿದ್ದಿಕೊಳ್ಳಲಿ ಎಂಬುದಷ್ಟೇ ನನ್ನ ಆಸೆ. ಆದರೆ ದುಡ್ಡು ಕೊಟ್ಟು ಹೋಗುವ ಬೇರೆ ಶಿಕ್ಷಕರಿಗೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ತಿಳಿದಿರಬೇಕು.

ಚೆನ್ನಾಗಿದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ವ್ಯವಸ್ಥೆಯಲ್ಲಿ ಕೊರತೆ ಇರಲಿಲ್ಲ. ಬೆಳಗಿನ ತಟ್ಟೆ ಇಡ್ಲಿ ಬಿಸಿಯಾಗಿತ್ತು, ಮಧ್ಯಾಹ್ನ ಮುದ್ದೆ, ಬಸ್ಸಾರು. ಮೈಕು ಕೈಕೊಡಲಿಲ್ಲ, ಹೇಳಿದ ಹೊತ್ತಿಗೆ ಶುರುವಾಗಿ ಹೇಳಿದ ಹೊತ್ತಿಗೆ ಮುಗಿಯಿತು. ದೂರದ ಊರುಗಳಿಗೆ ಕೊನೆಯ ಬಸ್ಸು ಹಿಡಿಯಬೇಕಾದವರ ಬಗ್ಗೆ ಕಾಳಜಿ ಇತ್ತು. ತರಬೇತುದಾರರ ಕನ್ನಡ ಸ್ಪಷ್ಟವಾಗಿತ್ತು, ಯಾರ ಮೇಲೂ ದನಿ ಏರಿಸಲಿಲ್ಲ.

ತೊಂದರೆ ಶುರುವಾದದ್ದು ಮೊದಲ ದಿನದ ಹನ್ನೊಂದು ಗಂಟೆಗೆ, ಬ್ಯಾಡ್ಜುಗಳೊಂದಿಗೆ.

ಎಲ್ಲರಿಗೂ 64 ಪುಟದ ಒಂದು ಪುಸ್ತಿಕೆ ಕೊಟ್ಟು, ಅದರಲ್ಲಿನ 29 ಜೋಡಿ ಹೇಳಿಕೆಗಳಲ್ಲಿ ಪ್ರತಿ ಜೋಡಿಗೂ ಒಂದನ್ನು ಗುರುತು ಮಾಡಲು ಹೇಳಿದರು. ಅಂಕ ಕೂಡಿದ ಮೇಲೆ 12 ಅಥವಾ ಹೆಚ್ಚು ಬಂದವರಿಗೆ ಹಸಿರು ಬ್ಯಾಡ್ಜು, ಅದಕ್ಕಿಂತ ಕಡಿಮೆ ಬಂದವರಿಗೆ ಕೆಂಪು. ಹಸಿರಿನವರು ‘ಒಳನೆಲೆ’ಯವರು: ಬದುಕಿನ ಲಗಾಮು ತಮ್ಮ ಕೈಯಲ್ಲಿದೆ ಎಂದು ನಂಬಿದವರು, ಗೆಲ್ಲುವವರು. ಕೆಂಪಿನವರು ‘ಹೊರನೆಲೆ’ಯವರು: ಅದೃಷ್ಟವನ್ನು, ಸರ್ಕಾರವನ್ನು, ಅತ್ತೆ ಮಾವನನ್ನು ದೂರುತ್ತಾ ಕೂರುವವರು. ಕೆಂಪಿನವರನ್ನು ಸಭಾಂಗಣದ ಎಡಕ್ಕೆ, ಹಸಿರಿನವರನ್ನು ಬಲಕ್ಕೆ ಕೂರಿಸಿದರು. ನಲವತ್ತಾರು ಜನರಲ್ಲಿ ಮೂವತ್ತೊಂದು ಮಂದಿ ಎಡಕ್ಕೆ ಹೋದರು. ‘ನೋಡಿ, ನಮ್ಮ ಶಿಕ್ಷಕರ ಸ್ಥಿತಿ ಇದು’ ಎಂದರು ತರಬೇತುದಾರರು. ಎಡಗಡೆಯಲ್ಲಿ ಹಲವರು ತಲೆಯಾಡಿಸಿದರು. ನನಗೆ 13 ಅಂಕ ಬಂದಿತ್ತು, ಹಸಿರು ಸಿಕ್ಕಿತು. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ಹಿಂದಿ ಮೇಡಂಗೆ 6. ಅವರು ಕುರ್ಚಿಯಿಂದ ಎದ್ದು, ಸೀರೆಯ ಸೆರಗಿಗೆ ಕೆಂಪು ಬ್ಯಾಡ್ಜನ್ನು ಚುಚ್ಚಿಕೊಂಡು, ಚೀಲ ಎತ್ತಿಕೊಂಡು ಎಡಕ್ಕೆ ಹೋದರು.

ಅವರ ಹನ್ನೊಂದು ವರ್ಷದ ಮಗನಿಗೆ ಟೈಪ್ 1 ಮಧುಮೇಹ. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಹೊರಗೆ ಹೋಗಿ ಮನೆಗೆ ಫೋನು ಮಾಡಿದರು. ನಾನೂ ಕೈ ತೊಳೆಯಲು ಅಲ್ಲೇ ಇದ್ದೆ. ‘ಎಷ್ಟು ಬಂತು?’ ಎಂದರು. ಆ ಕಡೆಯಿಂದ ಸಂಖ್ಯೆ ಬಂತು. ‘ಹಾಗಾದರೆ ಒಂದೂವರೆ ಸೌಟು ಅನ್ನ ಸಾಕು, ಹುರುಳಿಕಾಯಿ ಪಲ್ಯ ಜಾಸ್ತಿ ಹಾಕಿ. ಸೂಜಿ ಹಾಕಿ ಎಷ್ಟು ಹೊತ್ತಾಯಿತು?’ ಮನೆಯವರು ಹೇಳಿದ್ದನ್ನು ಅಂಗೈಯಗಲದ ಪುಸ್ತಕದಲ್ಲಿ ಬರೆದುಕೊಂಡರು. ಆ ಪುಸ್ತಕದಲ್ಲಿ ದಿನಾಂಕ, ಗಂಟೆ, ರಕ್ತದ ಸಕ್ಕರೆ, ತಿಂದದ್ದು, ಹಾಕಿದ ಯೂನಿಟ್ಟು ಎಲ್ಲವೂ ನೀಲಿ ಶಾಯಿಯಲ್ಲಿ ಸಾಲಾಗಿವೆ. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಆ ಪುಸ್ತಕ ಹಿಡಿದ ಕೈಗೆ ತಾಗುವ ಹಾಗೆ ಸೆರಗಿನ ಮೇಲೆ ಆ ಕೆಂಪು ಬ್ಯಾಡ್ಜು ಇತ್ತು.

ಮಧ್ಯಾಹ್ನದ ಅವಧಿಯಲ್ಲಿ ‘ನಿಮ್ಮ ಜೀವನದಲ್ಲಿ ನಿಮ್ಮ ಕೈಮೀರಿದ್ದು ಎಂದು ನೀವು ನಂಬಿರುವ ಒಂದು ವಿಷಯ ಹೇಳಿ’ ಎಂದಾಗ ಅವರು ಮಗನ ಕಾಯಿಲೆಯ ಹೆಸರು ಹೇಳಿದರು. ತರಬೇತುದಾರರು ಮೃದುವಾಗಿಯೇ ಉತ್ತರಿಸಿದರು: ‘ಮೇಡಂ, ಕಾಯಿಲೆಯೂ ನಮ್ಮ ಮನಸ್ಸಿನಿಂದಲೇ ಬರುವುದು. ನಿಮ್ಮ ಮನೆಯ ವಾತಾವರಣ ಒಮ್ಮೆ ನೋಡಿಕೊಳ್ಳಿ.’ ಆಮೇಲೆ ಸಂಜೆಯವರೆಗೆ ಅವರು ಮಾತಾಡಲಿಲ್ಲ.

ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಅದಕ್ಕೂ ತಾಯಿಯ ಆಲೋಚನೆಗೂ ಸಂಬಂಧವಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಮಾತನ್ನು ಯಾವ ಸಿದ್ಧಾಂತದ ಹೆಸರಿನಲ್ಲಿ ಹೇಳಿದರೋ ಆ ಸಿದ್ಧಾಂತದಲ್ಲಿ ಅಂಥ ಮಾತೇ ಇಲ್ಲ. ನಾನು ಸಮಾಜ ವಿಜ್ಞಾನ ಕಲಿಸುವವಳು, ಆದರೆ ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡಿದ್ದೇನೆ. ಓದಿದ್ದು ಈ ವಿಮರ್ಶೆ ಬರೆಯಲಾದರೂ ಉಪಯೋಗಕ್ಕೆ ಬರಲಿ.

ಈ ಪರಿಕಲ್ಪನೆ ಮನಃಶಾಸ್ತ್ರಜ್ಞ ಜೂಲಿಯನ್ ರಾಟರ್ ಅವರದು. ಪುಸ್ತಿಕೆಯಲ್ಲಿ ‘ಅಮೆರಿಕದ ವಿಜ್ಞಾನಿಯೊಬ್ಬರು’ ಎಂದಷ್ಟೇ ಇತ್ತು. ಅವರು ಹುಟ್ಟಿದ್ದು 1916ರಲ್ಲಿ ಬ್ರೂಕ್ಲಿನ್‌ನಲ್ಲಿ, ಕಲಿಸಿದ್ದು ಒಹಾಯೊ ಸ್ಟೇಟ್ ಮತ್ತು ಆಮೇಲೆ ಕನೆಕ್ಟಿಕಟ್ ವಿಶ್ವವಿದ್ಯಾಲಯಗಳಲ್ಲಿ. 1966ರಲ್ಲಿ ಪ್ರಕಟವಾದ ಅವರ ಮಾಪನದಲ್ಲಿ 29 ಜೋಡಿ ಹೇಳಿಕೆಗಳಿವೆ. ಅವುಗಳಲ್ಲಿ ಆರು, ಪರೀಕ್ಷೆಯ ಉದ್ದೇಶ ಸುಲಭವಾಗಿ ಗೊತ್ತಾಗದಿರಲೆಂದು ನಡುನಡುವೆ ಸೇರಿಸಿದವು. ಅಂಕ ಸಿಗುವುದು ಉಳಿದ 23ಕ್ಕೆ ಮಾತ್ರ. ಆ ಅಂಕವನ್ನು ಕೊಡುವುದು ‘ಹೊರಗಿನ’ ಉತ್ತರಕ್ಕೆ. ಅಂದರೆ ಅಂಕ ಹೆಚ್ಚಾದಷ್ಟೂ ವ್ಯಕ್ತಿ ಹೊರನೆಲೆಯ ಕಡೆಗೆ ವಾಲಿದ್ದಾನೆ ಎಂದರ್ಥ.

ಇದು ನೆನಪಾದದ್ದು ಸಂಜೆ, ಕೊರಟಗೆರೆ ದಾಟಿದ ಮೇಲೆ, ಮಧುಗಿರಿಯ ಬಸ್ಸಿನಲ್ಲಿ. ಪುಸ್ತಿಕೆಯ 31ನೇ ಪುಟ ತೆಗೆದು ಅಂಕಪಟ್ಟಿಯನ್ನು ಪೆನ್ಸಿಲ್ಲಿನಿಂದ ಒಂದೊಂದಾಗಿ ನೋಡುತ್ತಾ ಹೋದೆ. ‘ಅದೃಷ್ಟ’ ಎಂಬ ಉತ್ತರಕ್ಕೆ ಒಂದು ಅಂಕ. ‘ಅಧಿಕಾರದಲ್ಲಿರುವ ಕೆಲವರು ನಡೆಸಿದಂತೆ ಲೋಕ ನಡೆಯುತ್ತದೆ’ ಎಂಬ ಅರ್ಥದ ಉತ್ತರಕ್ಕೆ ಒಂದು ಅಂಕ. ‘ದುಡಿಮೆಯಿಂದಲೇ ಯಶಸ್ಸು’ ಎಂಬುದಕ್ಕೆ ಸೊನ್ನೆ. ಅಂಕಪಟ್ಟಿಯನ್ನು ಮೂಲದಿಂದ ಸರಿಯಾಗಿಯೇ ಇಳಿಸಿಕೊಂಡಿದ್ದರು. ಅದರ ಕೆಳಗೆ ಅರ್ಥ ಬರೆಯುವಾಗ ತಿರುಗುಮುರುಗು ಮಾಡಿದ್ದರು. ಮೂವತ್ತೊಂದು ಜನ ಇಡೀ ದಿನ ತಮ್ಮದಲ್ಲದ ಬ್ಯಾಡ್ಜು ಚುಚ್ಚಿಕೊಂಡು ಕೂತಿದ್ದರು. ಬಲಗಡೆಯ ನಾವೂ ಅಷ್ಟೇ. ಹಿಂದಿ ಮೇಡಂ ಅವರ 6 ಅಂಕ, ಆ ಮಾಪನದ ಪ್ರಕಾರ, ಒಳನೆಲೆಯ ಕಡೆಗೇ ಚೆನ್ನಾಗಿ ವಾಲಿದ ಅಂಕ. ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದ ಅವರನ್ನು ಎಬ್ಬಿಸಿ ತೋರಿಸಿದೆ. ಅವರು ಪುಟವನ್ನು ಎರಡು ಸಲ ಓದಿ, ‘ಹಾಗಾದರೆ ಇಷ್ಟು ಹೊತ್ತೂ ಎಲ್ಲರೂ ಹೌದು ಹೌದು ಎಂದು ಯಾಕೆ ತಲೆಯಾಡಿಸಿದೆವು?’ ಎಂದು ಕೇಳಿದರು.

ನನ್ನನ್ನು ಈಗಲೂ ಕಾಡುತ್ತಿರುವುದು ಅದೇ ಪ್ರಶ್ನೆ. ದೊಡ್ಡವರಾದ ನಮಗೇ ಒಂದು ಬಣ್ಣ ಅಂಟಿಸಿದ ತಕ್ಷಣ ಅದಕ್ಕೆ ತಕ್ಕ ನೆನಪುಗಳು ಸಿಕ್ಕಿಬಿಟ್ಟವು. ಹದಿನೈದು ವರ್ಷದ ಮಕ್ಕಳಿಗೆ ಇದೇ ಬ್ಯಾಡ್ಜು ಹಂಚಿದರೆ ಏನಾಗಬಹುದು? ಪುಸ್ತಿಕೆಯ ಕೊನೆಯಲ್ಲಿ ‘ತರಗತಿಯಲ್ಲೂ ಇದನ್ನು ಮಾಡಿಸಿ’ ಎಂಬ ಸಲಹೆ ಇದೆ. ದಯವಿಟ್ಟು ಮಾಡಿಸಬೇಡಿ.

ಮರುದಿನ ಬೆಳಿಗ್ಗೆ, ಅವಧಿ ಶುರುವಾಗುವ ಮೊದಲೇ ತರಬೇತುದಾರರಿಗೆ ಆ ಪುಟ ತೋರಿಸಿದೆ. ಅವರು ಓದಿದರು. ‘ತತ್ವ ಮುಖ್ಯ ಮೇಡಂ, ಅಂಕ ಅಲ್ಲ’ ಎಂದರು. ಸಭೆಗೆ ತಿಳಿಸಲಿಲ್ಲ. ಐದರಲ್ಲಿ ಎರಡು ನಕ್ಷತ್ರ ಮಾತ್ರ ಕೊಡುತ್ತಿರುವುದಕ್ಕೆ ಮುಖ್ಯ ಕಾರಣ ಇದು. ಮುದ್ರಣದ ತಪ್ಪು ಯಾರಿಂದಲೂ ಆಗುತ್ತದೆ. ತಿಳಿದ ಮೇಲೂ ನಲವತ್ತಾರು ಜನರ ಮುಂದೆ ತಿದ್ದದಿರುವುದು ತಪ್ಪಿನ ಮೇಲೆ ತಪ್ಪು.

ಅಂಕಪಟ್ಟಿ ಸರಿಯಾಗಿದ್ದಿದ್ದರೂ ಬ್ಯಾಡ್ಜು ಕೊಡುವಂತಿರಲಿಲ್ಲ. ಒಳಗಿನವರು, ಹೊರಗಿನವರು ಎಂಬ ಎರಡು ಜಾತಿಯ ಮನುಷ್ಯರಿಲ್ಲ. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ, ಇಲ್ಲಿಂದಾಚೆ ಹಸಿರು ಎನ್ನುವ ಗೆರೆ ಇಲ್ಲ. ಇದನ್ನು ಹೇಳಿದವರು ಸ್ವತಃ ರಾಟರ್. 1975ರಲ್ಲಿ, ಜನ ತಮ್ಮ ಪರಿಕಲ್ಪನೆಯನ್ನು ಹೇಗೆಲ್ಲ ತಪ್ಪಾಗಿ ಬಳಸುತ್ತಿದ್ದಾರೆ ಎಂದು ತೋರಿಸುವುದಕ್ಕಾಗಿಯೇ ಅವರು ಒಂದು ಲೇಖನ ಬರೆದರು. ಮನುಷ್ಯರನ್ನು ಎರಡು ಬಗೆಯಾಗಿ ವಿಂಗಡಿಸುವುದು, ಒಳನೆಲೆಯೆಲ್ಲ ಒಳ್ಳೆಯದು, ಹೊರನೆಲೆಯೆಲ್ಲ ಕೆಟ್ಟದ್ದು ಎಂದುಕೊಳ್ಳುವುದು, ಎರಡನ್ನೂ ಅಲ್ಲಿ ಎತ್ತಿ ತೋರಿಸಿದ್ದಾರೆ. ಹುಟ್ಟುಹಾಕಿದವರೇ ಸುಮಾರು ಐವತ್ತು ವರ್ಷದ ಹಿಂದೆ ಬೇಡ ಎಂದದ್ದನ್ನು ನಾವು 4,130 ರೂಪಾಯಿ ಕೊಟ್ಟು ಕಲಿತು ಬಂದೆವು.

ಲೋಕಸ್ ಆಫ್ ಕಂಟ್ರೋಲ್ ಎನ್ನುವುದು ಒಂದು ನಿರೀಕ್ಷೆ, ಅಷ್ಟೇ. ನಾನು ಮಾಡುವುದಕ್ಕೂ ನನಗೆ ಸಿಗುವುದಕ್ಕೂ ಸಂಬಂಧ ಇದೆ ಎಂದು ನಾನು ಎಷ್ಟರಮಟ್ಟಿಗೆ ನಿರೀಕ್ಷಿಸುತ್ತೇನೆ ಎಂಬುದು. ನಿಜವಾಗಿ ಹಿಡಿತ ಇದೆಯೇ ಇಲ್ಲವೇ ಎಂಬುದನ್ನು ಅದು ಅಳೆಯುವುದಿಲ್ಲ, ತಪ್ಪು ಯಾರದು ಎಂಬುದನ್ನು ಹೇಳುವುದೂ ಇಲ್ಲ. ಈ ನಿರೀಕ್ಷೆ ಅನುಭವದಿಂದ ಬಂದದ್ದು, ಮತ್ತು ಒಂದೊಂದು ಕ್ಷೇತ್ರದಲ್ಲಿ ಒಂದೊಂದು ಥರ ಇರಬಹುದು.

ನನ್ನ 13 ಅಂಕ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಪಾವಗಡದ ಕಡೆ ನಮ್ಮ ತಂದೆಯವರದು ಮಳೆ ನಂಬಿದ ಕಡಲೆಕಾಯಿ ಹೊಲ. ಬಿತ್ತನೆಗೆ ಮುಂಚೆ ನಮ್ಮ ಅಜ್ಜಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಬೀಜ ಆರಿಸುತ್ತಿದ್ದರು. ಸಿಪ್ಪೆ ಸುಲಿದ ಕಾಳನ್ನು ಮೊರದ ಮೇಲೆ ಹರಡಿ, ಬೆರಳ ತುದಿಯಿಂದ ಒಂದೊಂದೇ ಸರಿಸುವುದು. ಸುಕ್ಕಾದದ್ದು ಆಚೆ, ಒಡೆದದ್ದು ಆಚೆ, ಕೆಂಪು ಹೊಟ್ಟು ಹೋದದ್ದೂ ಆಚೆ. ನಾನು ಅವಸರ ಮಾಡಿದರೆ ‘ಕೈ ಕೆಸರಾದರೆ ಬಾಯಿ ಮೊಸರು, ಕೂತುಕೋ’ ಎನ್ನುತ್ತಿದ್ದರು. ಹೂ ಬಿಡುವ ಕಾಲಕ್ಕೆ ಮಳೆ ಕೈಕೊಟ್ಟರೆ ಅದೇ ಅಜ್ಜಿ ‘ಹಣೆಯಲ್ಲಿ ಬರೆದದ್ದನ್ನು ಅಳಿಸುವುದಕ್ಕಾಗುತ್ತದೆಯೇ’ ಎಂದು ಸುಮ್ಮನಾಗುತ್ತಿದ್ದರು. ಬಂದಷ್ಟು ಬೆಳೆಯನ್ನು ಅಪ್ಪ ಚಳ್ಳಕೆರೆ ಮಾರುಕಟ್ಟೆಗೆ ಒಯ್ದು, ದಲ್ಲಾಳಿ ಹೇಳಿದ ಬೆಲೆಗೆ ಕೊಟ್ಟು ಬಂದ ರಾತ್ರಿ ಅಜ್ಜಿಯ ಮಾತು ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’. ಒಂದೇ ಬೆಳೆ, ಒಬ್ಬರೇ ಅಜ್ಜಿ, ಮೂರು ಗಾದೆ. ಮೂರೂ ಸತ್ಯ.

ಎಂ.ಎ. ಓದುವಾಗ ಮನಃಶಾಸ್ತ್ರಜ್ಞೆ ಹನ್ನಾ ಲೆವೆನ್ಸನ್ ಅವರ ಕೆಲಸದ ಬಗ್ಗೆ ತಿಳಿದ ದಿನ ನನಗೆ ಮೊದಲು ನೆನಪಾದದ್ದು ಆ ಜಗುಲಿ. ‘ಹೊರಗೆ’ ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟುವುದು ಸರಿಯಲ್ಲ ಎಂದು 1970ರ ದಶಕದಲ್ಲಿ ಅವರು ಮಾಪನವನ್ನು ಮೂರಾಗಿ ಬಿಡಿಸಿದರು: ನಾನು, ಬಲವುಳ್ಳ ಇತರರು, ಅದೃಷ್ಟ. ಅದೃಷ್ಟದ ಮುಂದೆ ಅರ್ಜಿ ಹಾಕಲಾಗುವುದಿಲ್ಲ, ಬಲವುಳ್ಳವರ ಮುಂದೆ ಹಾಕಬಹುದು, ಅವರೊಡನೆ ಜಗಳವನ್ನೂ ಆಡಬಹುದು. 1978ರಲ್ಲಿ ಸಂಶೋಧಕರಾದ ವಾಲ್‌ಸ್ಟನ್ ದಂಪತಿ ಮತ್ತು ಡೆವೆಲಿಸ್ ಇದೇ ಮೂರನ್ನು ಆರೋಗ್ಯಕ್ಕೆ ಅನ್ವಯಿಸಿ ಬೇರೊಂದು ಮಾಪನ ಮಾಡಿದರು. ಅದರಲ್ಲಿ ವೈದ್ಯರನ್ನು ನಂಬುವುದೂ ನನ್ನ ಕೈಲಾದದ್ದನ್ನು ನಾನು ಮಾಡುತ್ತೇನೆ ಎಂಬುದೂ ಬೇರೆ ಬೇರೆ ಅಳತೆಗಳು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕೆಂದಿಲ್ಲ. ನಮ್ಮ ಹಿಂದಿ ಮೇಡಂ ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ವೈದ್ಯರ ಮುಂದೆ ಆ ನೀಲಿ ಶಾಯಿಯ ಪುಸ್ತಕ ಇಟ್ಟು ಕೂರುತ್ತಾರೆ. ಅವರು ವೈದ್ಯರ ಮಾತನ್ನು ಪೂರ್ತಿ ನಂಬುತ್ತಾರೆ, ತಮ್ಮ ಕೈಯ ಅಳತೆಯನ್ನೂ ಪೂರ್ತಿ ನಂಬುತ್ತಾರೆ. ಅಂಥವರನ್ನು ಯಾವ ಬಣ್ಣದ ಕುರ್ಚಿಯಲ್ಲಿ ಕೂರಿಸುತ್ತೀರಿ?

‘ಹೊರಗಿನ ಕಾರಣ ಹೇಳುವವರು ನೆಪ ಹೇಳುವವರು’ ಎಂಬ ಸಾಲು ಪರದೆಯ ಮೇಲೆ ದಪ್ಪಕ್ಷರದಲ್ಲಿ ಬಂತು. ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಇದನ್ನು ಒಪ್ಪಲಾರೆ. 1960ರ ದಶಕದಲ್ಲಿ ಅಮೆರಿಕದ ಕಪ್ಪು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದ ಪೆಟ್ರೀಷಿಯಾ ಗುರಿನ್ ಮತ್ತು ಸಂಗಡಿಗರು 1969ರಲ್ಲಿ ತೋರಿಸಿದ್ದು ಬೇರೆಯೇ. ತಮ್ಮವರ ಹಿಂದುಳಿಯುವಿಕೆಗೆ ತಮ್ಮವರದೇ ಕೊರತೆ ಕಾರಣ ಎನ್ನದೆ, ವ್ಯವಸ್ಥೆಯ ತಾರತಮ್ಯ ಕಾರಣ ಎಂದವರೇ ಒಟ್ಟಾಗಿ ಹೋರಾಡಲು ಹೆಚ್ಚು ಸಿದ್ಧರಿದ್ದರು. ನಮ್ಮಲ್ಲೇ 1980ರಲ್ಲಿ ನರಗುಂದ, ನವಲಗುಂದದ ರೈತರು ತಮ್ಮ ಮೇಲೆ ಬಿದ್ದ ಕರದ ಹೊರೆಗೆ ತಮ್ಮ ಸೋಮಾರಿತನವೇ ಕಾರಣ ಎಂದುಕೊಂಡಿದ್ದರೆ ರೈತ ಚಳವಳಿಯ ಪಾಠವನ್ನು ನಾನು ಬೇರೆ ಥರ ಮಾಡಬೇಕಾಗುತ್ತಿತ್ತು. ಕಾರಣ ಹೊರಗಿದೆ ಎಂದು ಸರಿಯಾಗಿ ಗುರುತಿಸಿದವರು ಕೈಕಟ್ಟಿ ಕೂರುತ್ತಾರೆ ಎಂಬುದಕ್ಕೆ ಆಧಾರವಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕಾರಣ ಒಳಗಿದೆ ಎಂದ ಮಾತ್ರಕ್ಕೆ ಅದು ನಮ್ಮ ಹಿಡಿತದಲ್ಲಿದೆ ಎಂದಾಗುವುದಿಲ್ಲ. ನನ್ನ ಹತ್ತನೇ ತರಗತಿಯ ಹುಡುಗಿಯೊಬ್ಬಳು ‘ಮೇಡಂ, ಗಣಿತ ನನ್ನ ತಲೆಗೆ ಹತ್ತುವುದಿಲ್ಲ’ ಎನ್ನುತ್ತಾಳೆ. ಕಾರ್ಯಾಗಾರದ ಲೆಕ್ಕದಲ್ಲಿ ಅವಳಿಗೆ ಹಸಿರು ಬ್ಯಾಡ್ಜು, ಯಾಕೆಂದರೆ ಅವಳು ಬೇರೆ ಯಾರನ್ನೂ ದೂರುತ್ತಿಲ್ಲ. ಆದರೆ ಅವಳನ್ನು ಪುಸ್ತಕ ಮುಚ್ಚಿಡುವಂತೆ ಮಾಡಿದ್ದು ಆ ನಂಬಿಕೆಯೇ. ಮನಃಶಾಸ್ತ್ರಜ್ಞ ಬರ್ನಾರ್ಡ್ ವೈನರ್ ಈ ಎರಡನ್ನೂ ಬಿಡಿಸಿ ಹೇಳಿದವರು: ಕಾರಣ ಒಳಗಿದೆಯೇ ಹೊರಗಿದೆಯೇ ಎಂಬುದು ಒಂದು ಪ್ರಶ್ನೆ, ಅದನ್ನು ಬದಲಿಸಬಹುದೇ ಎಂಬುದು ಇನ್ನೊಂದು. ಹುಟ್ಟು ಬುದ್ಧಿ ಒಳಗಿನದೇ, ಬದಲಿಸಲಾಗದ್ದು ಎಂದು ಮಗು ನಂಬಿದೆ. ದಿನಾ ಹತ್ತು ಲೆಕ್ಕ ಬಿಡಿಸುವುದೂ ಒಳಗಿನದು, ಅದನ್ನು ಮಾಡಬಹುದು. ಶಿಕ್ಷಕರ ಕಾರ್ಯಾಗಾರದಲ್ಲಿ ಇದೊಂದನ್ನೇ ಅರ್ಧ ದಿನ ಮಾತಾಡಬಹುದಿತ್ತು. ಒಂದು ನಿಮಿಷವೂ ಮಾತಾಡಲಿಲ್ಲ.

ಪುಸ್ತಿಕೆಯ ಕೊನೆಯ ಇಪ್ಪತ್ತೊಂದು ಪುಟಗಳು ಇಪ್ಪತ್ತೊಂದು ದಿನಗಳಿಗೆ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಒಂದು ವಾಕ್ಯ ಹೇಳಿಕೊಂಡರೆ ಹೊರನೆಲೆ ಒಳನೆಲೆಯಾಗುತ್ತದೆ ಎಂಬ ಭರವಸೆ. ರಾಟರ್ ಅವರ ಸಿದ್ಧಾಂತ ಕಲಿಕೆಯ ಸಿದ್ಧಾಂತ. ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ನಂಟು ಮತ್ತೆ ಮತ್ತೆ ಕಣ್ಣಿಗೆ ಕಂಡರೆ ನಿರೀಕ್ಷೆ ಬದಲಾಗುತ್ತದೆ, ಬಾಯಿಪಾಠದಿಂದ ಅಲ್ಲ. ಶಿಕ್ಷಕರಾಗಿ ನಾವು ಎದೆ ಮುಟ್ಟಿ ಕೇಳಿಕೊಳ್ಳಬೇಕಾದದ್ದು ಇಲ್ಲಿದೆ. ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಒಂದೂವರೆ ತಿಂಗಳ ಮೇಲೆ, ಮೂಲೆಯಲ್ಲಿ ಕೆಂಪು ಶಾಯಿಯ ಒಂದು ಸಂಖ್ಯೆ ಮಾತ್ರ ಬರೆದು ಹಿಂದಿರುಗಿಸಿದರೆ ಮಗು ಕಲಿಯುವುದು ಅದೃಷ್ಟದ ಪಾಠ. ಎರಡನೇ ದಿನಕ್ಕೇ ಕೊಟ್ಟು, ‘ಈ ನಕ್ಷೆಯಲ್ಲಿ ನದಿಯ ದಿಕ್ಕು ಬರೆದಿದ್ದಕ್ಕೆ ನಿನಗೆ ಎರಡು ಅಂಕ’ ಎಂದರೆ ಕಲಿಯುವುದು ಬೇರೆ. ಮತ್ತೆ, ಅಂಕ ಬರುತ್ತದೆ ಎಂದು ಗೊತ್ತಿದ್ದೂ ಓದದ ಹುಡುಗರೂ ಇದ್ದಾರೆ. ಅವರಿಗೆ ಆ ಅಂಕವೇ ಬೇಡವಾಗಿದೆ, ಬೇಕಿರುವುದು ಬೇರೆ. ಫಲಕ್ಕೆ ವ್ಯಕ್ತಿ ಕೊಡುವ ಬೆಲೆಯನ್ನೂ ಜೊತೆಗಿಟ್ಟು ನೋಡಬೇಕು ಎಂಬುದು ರಾಟರ್ ಅವರ ಸೂತ್ರದ ಅರ್ಧ ಭಾಗ. ಅದನ್ನು ಜನ ಮರೆಯುತ್ತಾರೆ ಎಂಬ ದೂರೂ ಅವರ 1975ರ ಲೇಖನದಲ್ಲಿದೆ.

ಕೊಟ್ಟ ಎರಡು ನಕ್ಷತ್ರಗಳಲ್ಲಿ ಒಂದು ವ್ಯವಸ್ಥೆಗೆ. ಇನ್ನೊಂದು, ಎರಡನೇ ದಿನ ಮಧ್ಯಾಹ್ನ ನಲವತ್ತು ನಿಮಿಷದ ಒಂದು ಅವಧಿ ನಡೆಸಿದ ಸಹಾಯಕ ತರಬೇತುದಾರ ಹುಡುಗಿಗೆ. ಅವರು ಬ್ಯಾಡ್ಜಿನ ಮಾತೇ ಎತ್ತಲಿಲ್ಲ. ಒಂದು ಹಾಳೆಯಲ್ಲಿ ಮೂರು ಮನೆ ಎಳೆಸಿ, ನಿಮ್ಮ ಶಾಲೆಯ ಒಂದೇ ಒಂದು ಸಮಸ್ಯೆ ತೆಗೆದುಕೊಂಡು ಅದರಲ್ಲಿ ನನ್ನ ಕೈಲಿರುವುದು, ಇನ್ನೊಬ್ಬರ ಕೈಲಿರುವುದು, ಯಾರ ಕೈಲೂ ಇಲ್ಲದ್ದು ಎಂದು ಹಂಚಿ ಬರೆಯಿರಿ ಎಂದರು. ಆಮೇಲೆ, ಎರಡನೇ ಮನೆಯಲ್ಲಿರುವ ಆ ‘ಇನ್ನೊಬ್ಬರು’ ಯಾರು, ಅವರನ್ನು ಯಾವಾಗ ಕೇಳುತ್ತೀರಿ ಎಂದು ಹೆಸರು, ದಿನಾಂಕ ಬರೆಸಿದರು. ಸಭಾಂಗಣದಲ್ಲಿ ಅಷ್ಟು ಹೊತ್ತು ಪೆನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನಾನು ಬರೆದದ್ದು ಆ ಗಣಿತದ ಹುಡುಗಿಯ ಬಗ್ಗೆ. ಬರೆಯುತ್ತಾ ಹೋದಾಗ ಗೊತ್ತಾಯಿತು, ಅವಳ ಊರಿನಿಂದ ಬರುವ ಬಸ್ಸು ಶಾಲೆ ಮುಟ್ಟುವಾಗ ಮೊದಲ ಅವಧಿಯ ಅರ್ಧ ಮುಗಿದಿರುತ್ತದೆ, ಮತ್ತು ನಮ್ಮ ವೇಳಾಪಟ್ಟಿಯಲ್ಲಿ ವಾರದ ಐದು ದಿನ ಮೊದಲ ಅವಧಿ ಗಣಿತ. ಜೂನ್‌ನಿಂದ ಅವಳು ಅರ್ಧ ಗಣಿತವನ್ನೇ ಕೇಳುತ್ತಾ ಬಂದಿದ್ದಾಳೆ. ಬಸ್ಸು ಅವಳ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ವೇಳಾಪಟ್ಟಿ ಮುಖ್ಯೋಪಾಧ್ಯಾಯರ ಕೈಲಿದೆ. ಸೋಮವಾರ ಹೋಗಿ ಕೇಳಿದೆ. ಗುರುವಾರದಿಂದ ಗಣಿತ ಮೂರನೇ ಅವಧಿಗೆ ಬಂತು, ನನ್ನ ಸಮಾಜ ವಿಜ್ಞಾನ ಮೊದಲಿಗೆ ಹೋಯಿತು. ಅವಳು ತಪ್ಪಿಸಿಕೊಳ್ಳುವ ಅರ್ಧ ಪಾಠವನ್ನು ಊಟದ ಬಿಡುವಿನಲ್ಲಿ ನಾನು ಹೇಳಿಕೊಡುತ್ತಿದ್ದೇನೆ. ಹತ್ತು ಲೆಕ್ಕದ ಮಾತು ಈಗ ಅವಳ ಜೊತೆ ಆಡಬಹುದು.

ಇದೇ ಕಾರ್ಯಾಗಾರದ ಮುಂದಿನ ತಂಡ ಸದ್ಯದಲ್ಲೇ ಇದೆ ಎಂದು ಪ್ರಕಟಣೆ ಬಂದಿದೆ. ಹೋಗುವುದಾದರೆ, ಹಣ ಕಟ್ಟುವ ಮೊದಲು ಪುಸ್ತಿಕೆ ಕೇಳಿ ಪಡೆದು 31ನೇ ಪುಟ ನೋಡಿ. ತಿದ್ದಿದ್ದಾರೆಯೇ, ಬ್ಯಾಡ್ಜು ಕೈಬಿಟ್ಟಿದ್ದಾರೆಯೇ ಎಂದು ವಿಚಾರಿಸಿ. ಎರಡೂ ಆಗಿದ್ದರೆ, ಆ ಮೂರು ಮನೆಯ ಅವಧಿಯನ್ನು ನಲವತ್ತು ನಿಮಿಷದಿಂದ ಅರ್ಧ ದಿನಕ್ಕೆ ಬೆಳೆಸಿದ್ದರೆ, ನಮ್ಮ ಶಾಲೆಯಿಂದ ಉಳಿದವರನ್ನು ನಾನೇ ಕಳಿಸುತ್ತೇನೆ. ಹಿಂದಿ ಮೇಡಂ ಅವರಿಗೆ ಸಂಸ್ಥೆಯವರು ಒಂದು ಫೋನು ಮಾಡಿ ಕ್ಷಮೆ ಕೇಳಬೇಕು ಎಂದು ಅಭಿಪ್ರಾಯ ಪತ್ರದಲ್ಲಿ ಬರೆದು ಕೊಟ್ಟು ಬಂದಿದ್ದೇನೆ. ಇದನ್ನು ಬರೆಯುವ ಹೊತ್ತಿನವರೆಗೆ ಕರೆ ಬಂದಿಲ್ಲ.